‘ಮದುವೆಯಾಗಿತ್ತಂತೆ’: ನೆನಪು ಕಳೆದವರ ಥ್ರಿಲ್ಲರ್ ಕಾದಂಬರಿ ಬರೆಯುವ ಬಗೆ

ಮಹಾಭಾರತದ ಆದಿಪರ್ವದಲ್ಲಿ ಶಕುಂತಲೆ ಮಗನನ್ನು ಕರೆದುಕೊಂಡು ಆಸ್ಥಾನಕ್ಕೆ ಬಂದಾಗ ದುಷ್ಯಂತನಿಗೆ ಎಲ್ಲವೂ ನೆನಪಿರುತ್ತದೆ. ನೆನಪಿದ್ದೇ ಅವನು ‘ನನಗೆ ನೆನಪಿಲ್ಲ’ ಎನ್ನುತ್ತಾನೆ. ಅಶರೀರವಾಣಿ ಕೇಳಿಸಿದ ಮೇಲೆ, ಲೋಕ ಅನುಮಾನಿಸೀತೆಂದು ಹಾಗೆ ಹೇಳಬೇಕಾಯಿತೆಂದು ಸಮಜಾಯಿಷಿ ಕೊಡುತ್ತಾನೆ. ಕಾಳಿದಾಸ ಇದೇ ಕಥೆಯನ್ನು ನಾಟಕವಾಗಿಸುವಾಗ ದೂರ್ವಾಸರ ಶಾಪವನ್ನೂ ಒಂದು ಉಂಗುರವನ್ನೂ ತಂದು, ರಾಜನ ಸುಳ್ಳನ್ನು ಮರೆವನ್ನಾಗಿ ಮಾರ್ಪಡಿಸಿದ. ನೆನಪು ಕಳೆದುಕೊಂಡ ವ್ಯಕ್ತಿಯನ್ನು ನಡುವಿಟ್ಟು ಮನೋವೈಜ್ಞಾನಿಕ ಥ್ರಿಲ್ಲರ್ ಬರೆಯಲು ಹೊರಟವರು ಈ ಇಬ್ಬರು ದುಷ್ಯಂತರನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿಕೊಂಡು ಕೆಲಸ ಆರಂಭಿಸುವುದು ಒಳ್ಳೆಯದು. ಏಕೆಂದರೆ ಇಂಥ ಕಾದಂಬರಿಯ ಓದುಗರನ್ನು ಮೊದಲ ಪುಟದಿಂದ ಕಡೆಯ ಪುಟದವರೆಗೆ ಕಾಡುವುದು ‘ಇವನು ಏನನ್ನು ಮರೆತಿದ್ದಾನೆ’ ಎಂಬುದಕ್ಕಿಂತ ಹೆಚ್ಚಾಗಿ ‘ಇವನು ಮರೆತದ್ದು ನಿಜವೇ, ನಿಜವಾದರೆ ಅದರಿಂದ ಯಾರಿಗೆ ಅನುಕೂಲವಾಯಿತು’ ಎಂಬ ಪ್ರಶ್ನೆ.

ಹೊಸಬರು ಸಾಮಾನ್ಯವಾಗಿ ತಮ್ಮ ಶಕ್ತಿಯನ್ನೆಲ್ಲ ಮರೆತವರ ತಲೆಯೊಳಗೆ ಖರ್ಚು ಮಾಡುತ್ತಾರೆ. ಮಂಜು, ತಲೆನೋವು, ಕನ್ನಡಿಯ ಮುಂದೆ ನಿಂತು ‘ನಾನು ಯಾರು’ ಎಂದು ಕೇಳಿಕೊಳ್ಳುವುದು, ಕನಸಿನಲ್ಲಿ ಬಂದುಹೋಗುವ ಒಂದು ಬಾಗಿಲು. ನಾನೂ ಇದನ್ನೇ ಮಾಡಿದ್ದೆ. ನನ್ನ ಮೊದಲ ಕರಡಿನ ನೂರಿಪ್ಪತ್ತು ಪುಟಗಳಲ್ಲಿ ನಾಯಕಿ ಆಸ್ಪತ್ರೆಯ ಮಂಚದ ಮೇಲೆ ಕುಳಿತು ಕಿಟಕಿಯ ಆಚೆ ನೋಡುತ್ತಿದ್ದಳು. ಅದನ್ನು ಓದಿದ ಗೆಳೆಯರೊಬ್ಬರು ಹಸ್ತಪ್ರತಿಯನ್ನು ಹಿಂದಿರುಗಿಸುತ್ತ ಕೇಳಿದ್ದು ಒಂದೇ ಮಾತು: ‘ಇಷ್ಟು ದಿನ ಈಕೆಯ ಮನೆಯವರು ಏನು ಮಾಡುತ್ತಿದ್ದರು?’ ನಾನು ಬರೆಯಬೇಕಾಗಿದ್ದ ಕಾದಂಬರಿ ಆ ಪ್ರಶ್ನೆಯೊಳಗಿತ್ತು. ಬರೆದಿದ್ದು ಬೇರೆ ಏನನ್ನೋ.

ಮೊದಲು ಮರೆವಿನ ಬಗೆಯನ್ನು ಗೊತ್ತುಮಾಡಿಕೊಳ್ಳಿ

ಮರೆವು ಒಂದೇ ರೋಗವಲ್ಲ. ಯಾವ ಬಗೆಯ ಮರೆವು ಎಂಬುದನ್ನು ಮೊದಲೇ ತೀರ್ಮಾನಿಸದೆ ಬರೆದರೆ ಕಥೆಯ ಮಧ್ಯದಲ್ಲಿ ಪಾತ್ರ ತನಗೆ ಬೇಕಾದದ್ದನ್ನು ಮರೆತು, ಲೇಖಕರಿಗೆ ಬೇಕಾದದ್ದನ್ನು ನೆನಪಿಸಿಕೊಳ್ಳತೊಡಗುತ್ತದೆ, ಮತ್ತು ಓದುಗರು ಅಲ್ಲಿಗೆ ನಂಬಿಕೆ ಕಳೆದುಕೊಳ್ಳುತ್ತಾರೆ.

ಅಮೆರಿಕದ ಹೆನ್ರಿ ಮೊಲೈಸನ್ ಎಂಬವರ ಪ್ರಕರಣ ಎಲ್ಲ ಲೇಖಕರಿಗೂ ತಿಳಿದಿರಬೇಕಾದದ್ದು. ತೀವ್ರ ಮೂರ್ಛೆರೋಗಕ್ಕೆ ಪರಿಹಾರವಾಗಿ 1953ರಲ್ಲಿ, ಅವರ 27ನೆಯ ವಯಸ್ಸಿನಲ್ಲಿ, ಮಿದುಳಿನ ಎರಡೂ ಬದಿಯಲ್ಲಿರುವ, ಹೊಸ ನೆನಪು ಕಟ್ಟುವ ಭಾಗವಾದ ಹಿಪ್ಪೊಕ್ಯಾಂಪಸ್‌ನ ಬಹುಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಲಾಯಿತು. ಮೂರ್ಛೆ ಕಡಿಮೆಯಾಯಿತು, ಆದರೆ ಅಂದಿನಿಂದ 2008ರಲ್ಲಿ ತೀರಿಕೊಳ್ಳುವವರೆಗೆ ಹೊಸ ಸಂಗತಿ ಯಾವುದೂ ಅವರ ಮನಸ್ಸಿನಲ್ಲಿ ನಿಲ್ಲಲಿಲ್ಲ. ಬಾಲ್ಯ ನೆನಪಿತ್ತು, ಮಾತು ಸ್ಪಷ್ಟವಾಗಿತ್ತು, ಬುದ್ಧಿ ಚುರುಕಾಗಿತ್ತು, ಆದರೆ ವರ್ಷಗಟ್ಟಲೆ ತಮ್ಮನ್ನು ಪರೀಕ್ಷಿಸಲು ಬರುತ್ತಿದ್ದ ವಿಜ್ಞಾನಿಗಳು ಪ್ರತಿ ಸಲವೂ ಅವರಿಗೆ ಅಪರಿಚಿತರೇ. ಇಂಥ ಪಾತ್ರವನ್ನು ಆರಿಸಿಕೊಂಡರೆ ನಿಮ್ಮ ಕಥೆಯಲ್ಲಿ ಹಿಂದಿನ ಜೀವನ ಮುಚ್ಚಿಹೋಗಿರುವುದಿಲ್ಲ, ನಿನ್ನೆ ಮಾತ್ರ ಇರುವುದಿಲ್ಲ. ಆಗ ರಹಸ್ಯ ಹುಟ್ಟಬೇಕಾದದ್ದು ಪಾತ್ರದ ಬಾಲ್ಯದಲ್ಲಲ್ಲ, ಅದರ ಸುತ್ತ ದಿನವೂ ಹೊಸದಾಗಿ ಪರಿಚಯ ಹೇಳಿಕೊಂಡು ಓಡಾಡುವ ಜನರಲ್ಲಿ.

ಇದಕ್ಕೆ ವಿರುದ್ಧವಾದದ್ದು ಹಿಂದಿನದನ್ನು ಮರೆಯುವ ಬಗೆ. ಅಲ್ಲಿಯೂ ಒಂದು ಕ್ರಮವಿದೆ. ಫ್ರಾನ್ಸಿನ ಮನೋವಿಜ್ಞಾನಿ ತಿಯೊಡ್ಯೂಲ್ ರಿಬೋ 1881ರಲ್ಲೇ ಗುರುತಿಸಿದಂತೆ ಮಿದುಳಿಗೆ ಪೆಟ್ಟಾದಾಗ ಮೊದಲು ಹೋಗುವುದು ಇತ್ತೀಚಿನ ನೆನಪು, ಬಹುಕಾಲ ಉಳಿಯುವುದು ಹಳೆಯದು. ಆದ್ದರಿಂದ ಅಪಘಾತದಲ್ಲಿ ತಲೆಗೆ ಏಟು ತಿಂದ ನಾಯಕನಿಗೆ ನಿನ್ನೆ ರಾತ್ರಿಯ ಊಟದ ಮೆನು ಸ್ಪಷ್ಟವಾಗಿ ನೆನಪಿದ್ದು, ಹೆತ್ತ ತಾಯಿಯ ಹೆಸರು ಮರೆತುಹೋಗಿದೆಯೆಂದು ಬರೆದರೆ ವೈದ್ಯರಷ್ಟೇ ಅಲ್ಲ, ಮನೆಯಲ್ಲಿ ವಯಸ್ಸಾದ ಅಜ್ಜಿಯನ್ನು ನೋಡಿಕೊಂಡ ಯಾವ ಓದುಗರೂ ಒಪ್ಪುವುದಿಲ್ಲ. ತಲೆಗೆ ಪೆಟ್ಟಾದ ಪ್ರಕರಣಗಳಲ್ಲಿ ಇನ್ನೊಂದು ಮಾತನ್ನು ಗೋಡೆಗೆ ಅಂಟಿಸಿಟ್ಟುಕೊಳ್ಳಿ: ಪೆಟ್ಟು ಬಿದ್ದ ಆ ಕೆಲವು ನಿಮಿಷಗಳು ಬಹುತೇಕ ಎಂದಿಗೂ ಹಿಂದಿರುಗುವುದಿಲ್ಲ, ಏಕೆಂದರೆ ಅವು ಮಿದುಳಿನಲ್ಲಿ ದಾಖಲಾಗಿಯೇ ಇರುವುದಿಲ್ಲ. ಕಡೆಯ ಅಧ್ಯಾಯದಲ್ಲಿ ನಾಯಕಿಗೆ ಅಪಘಾತದ ಕ್ಷಣ ಚಿತ್ರದಂತೆ ಕಣ್ಣ ಮುಂದೆ ಬಂದು ರಹಸ್ಯ ಬಯಲಾಗುವುದು ನಮ್ಮ ಅನೇಕ ಕಥೆಗಳ ಸುಲಭದ ದಾರಿ. ನಿಜವಾದ ದಾರಿಯಲ್ಲಿ ಆ ಕ್ಷಣದ ಸಾಕ್ಷ್ಯ ಬೇರೊಬ್ಬರಿಂದಲೇ ಬರಬೇಕಾಗುತ್ತದೆ. ಇನ್ನು ಎರಡನೆಯ ಏಟಿನಿಂದ ನೆನಪು ಮರಳುವುದು ಸಿನಿಮಾದವರ ಆಸ್ತಿ, ಅವರಿಗೇ ಬಿಟ್ಟುಬಿಡೋಣ. ಎರಡನೆಯ ಏಟಿನಿಂದ ಗಾಯ ಹೆಚ್ಚುತ್ತದೆ, ಅಷ್ಟೆ.

ತಾನು ಯಾರೆಂಬುದನ್ನೇ ಮರೆತು ಬೇರೊಂದು ಊರಿನಲ್ಲಿ ಬೇರೊಂದು ಬದುಕು ನಡೆಸುವುದು ಸಾಮಾನ್ಯವಾಗಿ ತಲೆಯ ಗಾಯದಿಂದ ಆಗುವಂಥದಲ್ಲ. ಅದು ಮನಸ್ಸು ತಾಳಲಾರದ ಒತ್ತಡದಿಂದ ಬರುವ ಅಪರೂಪದ ಸ್ಥಿತಿ. ವೈದ್ಯರು ಇದನ್ನು ಡಿಸೋಸಿಯೇಟಿವ್ ಫ್ಯೂಗ್ ಎನ್ನುತ್ತಾರೆ. 1887ರ ಜನವರಿಯಲ್ಲಿ ಅಮೆರಿಕದ ರೋಡ್ ಐಲೆಂಡಿನ ಆನ್ಸೆಲ್ ಬೋರ್ನ್ ಎಂಬ ಧರ್ಮಪ್ರಚಾರಕ ಜಮೀನಿನ ಹಣ ಕಟ್ಟಲೆಂದು ಬ್ಯಾಂಕಿನಿಂದ 551 ಡಾಲರ್ ತೆಗೆದುಕೊಂಡು ಹೋದವನು ಕಾಣೆಯಾದ. ಪೆನ್ಸಿಲ್ವೇನಿಯಾದ ನಾರಿಸ್‌ಟೌನಿನಲ್ಲಿ ಎ. ಜೆ. ಬ್ರೌನ್ ಎಂಬ ಹೆಸರಿನವನೊಬ್ಬ ಪುಟ್ಟ ಅಂಗಡಿ ಹಿಡಿದು ಕಾಗದ, ಮಿಠಾಯಿ, ಹಣ್ಣು ಮಾರಿಕೊಂಡು ಯಾರಿಗೂ ವಿಚಿತ್ರವೆನಿಸದಂತೆ ಇದ್ದ. ಮಾರ್ಚ್ 14ರ ಬೆಳಿಗ್ಗೆ ಅವನು ಗಾಬರಿಯಿಂದ ಎದ್ದು, ತಾನು ಎಲ್ಲಿದ್ದೇನೆಂದು ಮನೆಯವರನ್ನು ಕೇಳಿದ, ತನ್ನ ಹೆಸರು ಬೋರ್ನ್ ಎಂದ, ಅಂಗಡಿಯ ವಿಷಯ ತನಗೇನೂ ಗೊತ್ತಿಲ್ಲವೆಂದ. ಮನೋವಿಜ್ಞಾನಿ ವಿಲಿಯಂ ಜೇಮ್ಸ್ 1890ರಲ್ಲಿ ಅವನನ್ನು ಸಮ್ಮೋಹನಕ್ಕೆ ಒಳಪಡಿಸಿದಾಗ ಬ್ರೌನ್‌ನ ನೆನಪುಗಳು ಹೊರಬಂದವು, ಆದರೆ ಆ ಇಬ್ಬರು ಒಂದಾಗಲಿಲ್ಲ. ಈ ಪ್ರಕರಣದಲ್ಲಿ ಕಾದಂಬರಿಕಾರರು ಕಲಿಯಬೇಕಾದದ್ದು ಆ ಅಂಗಡಿಯಲ್ಲಿದೆ. ತನ್ನನ್ನು ಮರೆತವನು ಬೀದಿಯಲ್ಲಿ ಕಿರುಚಾಡಿಕೊಂಡು ಓಡಾಡಲಿಲ್ಲ. ಅಚ್ಚುಕಟ್ಟಾಗಿ ಅಡುಗೆ ಮಾಡಿಕೊಂಡು, ಸರಕು ತಂದು, ಚಿಲ್ಲರೆ ಎಣಿಸಿ ಕೊಡುತ್ತಿದ್ದ. ಭಯ ಹುಟ್ಟಿದ್ದು ನೆನಪು ಬಂದಾಗ.

ಉಳಿದ ಬಗೆಗಳನ್ನು ಬೇಗ ಹೇಳಿಬಿಡುತ್ತೇನೆ. ಐವತ್ತು ದಾಟಿದವರಲ್ಲಿ ಕೆಲವೊಮ್ಮೆ ಇದ್ದಕ್ಕಿದ್ದಂತೆ ಕೆಲವು ಗಂಟೆಗಳ ಮಟ್ಟಿಗೆ ಹೊಸ ನೆನಪು ನಿಲ್ಲದೆ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವಂತಾಗಿ, ಒಂದು ದಿನದೊಳಗೆ ಸರಿಯಾಗುತ್ತದೆ. ಆ ಗಂಟೆಗಳು ಮಾತ್ರ ಶಾಶ್ವತವಾಗಿ ಖಾಲಿ. ಒಂದು ಕೊಲೆಗೂ ಒಂದು ಸಹಿಗೂ ಅಷ್ಟು ಸಮಯ ಸಾಕು. ಅತಿಯಾದ ಕುಡಿತ ಮತ್ತು ಥಯಮಿನ್ (ಬಿ1 ಜೀವಸತ್ವ) ಕೊರತೆಯಿಂದ ಬರುವ ಕೋರ್ಸಕಾಫ್ ಸ್ಥಿತಿಯಲ್ಲಿ ರೋಗಿ ಖಾಲಿ ಜಾಗಗಳನ್ನು ತಾನೇ ಕಟ್ಟಿದ ಸಂಗತಿಗಳಿಂದ ತುಂಬುತ್ತಾನೆ, ಮತ್ತು ಅವನಿಗೆ ಅದು ಸುಳ್ಳೆಂದು ಗೊತ್ತಿರುವುದಿಲ್ಲ. ನಂಬಲಾಗದ ನಿರೂಪಕನನ್ನು ಬಯಸುವವರಿಗೆ ಇದಕ್ಕಿಂತ ಒಳ್ಳೆಯ ಆಧಾರ ಸಿಗದು.

ಮನಸ್ಸು ಬಿಟ್ಟದ್ದನ್ನು ಕೈ ಬಿಡುವುದಿಲ್ಲ

ಮೊಲೈಸನ್‌ರಿಗೆ ಬ್ರೆಂಡಾ ಮಿಲ್ನರ್ ಎಂಬ ಮನೋವಿಜ್ಞಾನಿ ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಚಿತ್ರದ ಅಂಚನ್ನು ಪೆನ್ಸಿಲಿನಿಂದ ತಿದ್ದುವ ಕೆಲಸ ಕೊಟ್ಟರು. ಮೂರು ದಿನಗಳಲ್ಲಿ ಅವರ ಕೈ ಪಳಗಿತು. ಆದರೆ ಪ್ರತಿ ಸಲವೂ ತಾವು ಇದನ್ನು ಮೊದಲ ಬಾರಿಗೆ ಮಾಡುತ್ತಿರುವುದಾಗಿಯೇ ಅವರು ತಿಳಿದಿದ್ದರು. ಜಿನೀವಾದ ಎಡ್ವರ್ಡ್ ಕ್ಲಾಪರೇಡ್ 1911ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ತೀಕ್ಷ್ಣವಾದದ್ದು. ತನ್ನನ್ನು ದಿನವೂ ಹೊಸಬರೆಂದೇ ಕಾಣುತ್ತಿದ್ದ ರೋಗಿಯೊಬ್ಬಳ ಕೈಕುಲುಕುವಾಗ ಆತ ಬೆರಳುಗಳ ನಡುವೆ ಗುಂಡುಸೂಜಿ ಅಡಗಿಸಿಟ್ಟು ಚುಚ್ಚಿದ. ಆಮೇಲೆ ಕೈ ಚಾಚಿದಾಗ ಆಕೆ ಕೈ ಹಿಂದಕ್ಕೆ ಎಳೆದುಕೊಂಡಳು. ಏಕೆಂದು ಕೇಳಿದರೆ, ಜನ ಕೆಲವೊಮ್ಮೆ ಕೈಯಲ್ಲಿ ಸೂಜಿ ಅಡಗಿಸಿಕೊಂಡಿರುತ್ತಾರಲ್ಲವೇ ಎಂಬರ್ಥದ ಮಾತು ಹೇಳಿದಳೇ ಹೊರತು, ಚುಚ್ಚಿದ್ದು ನೆನಪಿರಲಿಲ್ಲ. ನಿಮ್ಮ ನಾಯಕಿಯನ್ನು ನೋಡಲು ಆಸ್ಪತ್ರೆಗೆ ಬಂದ ಗಂಡ ಹಣೆ ಮುಟ್ಟಿದಾಗ ಆಕೆ ತಲೆ ಸರಿಸಿದರೆ ಸಾಕು. ಓದುಗರಿಗೆ ಅದು ಐದು ಪುಟಗಳ ಹಿನ್ನೋಟಕ್ಕಿಂತ ಹೆಚ್ಚನ್ನು ಹೇಳುತ್ತದೆ.

ಈ ತಂತ್ರವನ್ನು ನಮ್ಮ ನೆಲಕ್ಕೆ ಇಳಿಸುವುದು ಹೇಗೆಂದು ತೋರಿಸಲು ಒಂದು ಸಣ್ಣ ದೃಶ್ಯವನ್ನು ಬರೆಯುತ್ತೇನೆ. ಶಿರಸಿಯ ಕಡೆಯ ಒಂದು ಹವ್ಯಕ ಮನೆ. ಬಸ್ಸಿನಲ್ಲಿ ಎಚ್ಚರ ತಪ್ಪಿದ ಸ್ಥಿತಿಯಲ್ಲಿ ಸಿಕ್ಕಿದ ಹೆಂಗಸೊಬ್ಬಳು ಹತ್ತು ದಿನಗಳಿಂದ ಅಲ್ಲಿದ್ದಾಳೆ. ಹೆಸರು, ಊರು ಯಾವುದೂ ಆಕೆಗೆ ತಿಳಿಯದು.

‘ಬೆಂಗಳೂರಿನ ಸೊಸೆ ತೂಕ ಇಳಿಸಲೆಂದು ತಂದಿಟ್ಟು ಬಿಟ್ಟುಹೋಗಿದ್ದ ಜೋಳದ ಹಿಟ್ಟಿನ ಡಬ್ಬಿ ಕಟ್ಟೆಯ ಮೇಲೆ ತೆರೆದಿತ್ತು. ಆಕೆ ಹಿಟ್ಟಿನ ನಡುವೆ ಗುಳಿ ಮಾಡಿ ಕುದಿನೀರು ಸುರಿದಳು, ಸಟ್ಟುಗದ ಹಿಂಬದಿಯಿಂದ ಕಲಸಿದಳು, ಬಿಸಿ ತಾಳುವಷ್ಟಾದಾಗ ಅಂಗೈಯ ಬುಡ ಒತ್ತಿ ನಾದಿದಳು. ಉಂಡೆಯನ್ನು ಹಲಗೆಯ ಮೇಲಿಟ್ಟು ತಟ್ಟತೊಡಗಿದಾಗ ರೊಟ್ಟಿ ತಾನಾಗಿ ಸುತ್ತುತ್ತ ಅಗಲವಾಯಿತು. ಆ ಅಡುಗೆಮನೆಯಲ್ಲಿ ಹಿಂದೆಂದೂ ಕೇಳದಿದ್ದ ಆ ಸದ್ದಿಗೆ ಸಾವಿತ್ರಮ್ಮ ಜಗಲಿಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತರು. “ಎಲ್ಲಿ ಕಲ್ತ್ಯೇ ತಂಗಿ?” ಆಕೆ ತಲೆ ಎತ್ತಲಿಲ್ಲ. “ಹಂಚು ಕಾದೈತ್ರೀ” ಎಂದಳು. ಆಮೇಲೆ ತನ್ನ ಬಾಯಿಂದ ಬಂದದ್ದನ್ನು ಕೇಳಿಸಿಕೊಂಡವಳಂತೆ ಕೈ ನಿಲ್ಲಿಸಿ, ಹಿಟ್ಟು ಮೆತ್ತಿದ ಬೆರಳುಗಳನ್ನು ನೋಡಿಕೊಂಡಳು.’

ಇಲ್ಲಿ ಆಕೆಗೆ ಏನೂ ನೆನಪಾಗಿಲ್ಲ. ಆದರೂ ಆಕೆ ಬಯಲುಸೀಮೆಯ ಉತ್ತರದವಳೆಂಬುದು ಸಾವಿತ್ರಮ್ಮನವರಿಗೆ ಗೊತ್ತಾಗಿದೆ, ಓದುಗರಿಗೂ ಗೊತ್ತಾಗಿದೆ, ಗೊತ್ತಿಲ್ಲದಿರುವುದು ಆಕೆಗೆ ಮಾತ್ರ. ಸಾವಿತ್ರಮ್ಮ ಅದನ್ನು ಪೊಲೀಸರಿಗೆ ಹೇಳುತ್ತಾರೋ, ಮನೆಯಲ್ಲಿ ಕೆಲಸಕ್ಕೆ ಒಂದು ಕೈ ಸಿಕ್ಕಿತೆಂದು ಸುಮ್ಮನಿರುತ್ತಾರೋ ಎಂಬಲ್ಲಿಂದ ಥ್ರಿಲ್ಲರ್ ಶುರುವಾಗುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಆಡುಮಾತು ಅತ್ಯುತ್ತಮ ಸುಳಿವು. ಅದು ಬೆರಳಚ್ಚಿನಷ್ಟೇ ನಿಖರ. ಆತ್ಮಕಥೆಯ ನೆನಪು ಹೋದರೂ ಮಾತಿನ ರೂಢಿ ಉಳಿಯುತ್ತದೆ. ತಾಯಿಯನ್ನು ಕನವರಿಕೆಯಲ್ಲಿ ‘ಅವ್ವ’ ಎಂದು ಕರೆಯುವವನಿಗೂ, ‘ಆಯಿ’ ಎಂದೋ ‘ಅಬ್ಬೆ’ ಎಂದೋ ಕರೆಯುವವನಿಗೂ ಹುಟ್ಟಿದ ಮನೆ ಬೇರೆ, ಊಟದ ತಟ್ಟೆ ಬೇರೆ, ಬಹುಶಃ ಮುಚ್ಚಿಡಲಾದ ಗುಟ್ಟೂ ಬೇರೆ. ಬೆಂಗಳೂರಿನ ಸಿರಿವಂತ ಬಡಾವಣೆಯಲ್ಲಿ ‘ನಮ್ಮ ಮಗ’ ಎಂದು ತೋರಿಸಲಾಗುತ್ತಿರುವ ಯುವಕ ಜ್ವರದಲ್ಲಿ ಕುಂದಾಪುರದ ಕನ್ನಡ ಆಡಿದನೆಂದರೆ, ಆ ಮನೆಯವರ ಕಥೆಯಲ್ಲಿ ಒಂದು ಇಟ್ಟಿಗೆ ಸಡಿಲವಾಯಿತೆಂದೇ ಲೆಕ್ಕ. ಆದರೆ ಇದನ್ನು ಒಮ್ಮೆ ಮಾತ್ರ ಮಾಡಿ. ಹತ್ತು ಕಡೆ ಮಾಡಿದರೆ ಉಳಿದ ಪಾತ್ರಗಳೆಲ್ಲ ಕಿವುಡರೇ ಎಂದು ಓದುಗರು ಕೇಳುತ್ತಾರೆ.

ನೆನಪಿಟ್ಟುಕೊಂಡವರ ಲೆಕ್ಕಪುಸ್ತಕ

ಕಾದಂಬರಿ ಆರಂಭಿಸುವ ಮೊದಲು ಎರಡು ನೋಟ್‌ಬುಕ್ ಇಟ್ಟುಕೊಳ್ಳಿ. ಒಂದರಲ್ಲಿ ಮರೆತವರ ಹಿಂದಿನ ಬದುಕು ಪೂರ್ತಿಯಾಗಿ, ದಿನಾಂಕಸಹಿತ, ನಡೆದ ಕ್ರಮದಲ್ಲೇ ಇರಲಿ. ಅದರಲ್ಲಿ ಒಂದು ಪುಟವೂ ಖಾಲಿ ಇರಬಾರದು. ಇನ್ನೊಂದರಲ್ಲಿ ಉಳಿದ ಪ್ರತಿ ಮುಖ್ಯ ಪಾತ್ರಕ್ಕೂ ನಾಲ್ಕು ಪುಟ ಮೀಸಲಿಟ್ಟು, ಆ ವ್ಯಕ್ತಿಗೆ ಏನು ಗೊತ್ತಿದೆ, ಅದರಲ್ಲಿ ಯಾವುದನ್ನು ಮುಚ್ಚಿಟ್ಟಿದ್ದಾನೆ, ಮರೆತವರಿಗೆ ನೆನಪು ಬಂದರೆ ಅವನು ಕಳೆದುಕೊಳ್ಳುವುದೇನು ಎಂಬುದನ್ನು ಬರೆಯಿರಿ. ಕಳೆದುಕೊಳ್ಳುವಂಥದೇನೂ ಇಲ್ಲದ ಪಾತ್ರವನ್ನು ಕಥೆಯಿಂದ ಹೊರಗಿಡಿ, ಅಥವಾ ಅದನ್ನೇ ಕಥೆಯ ಏಕೈಕ ನಂಬಿಕಸ್ಥ ವ್ಯಕ್ತಿಯನ್ನಾಗಿ ಮಾಡಿ.

ಈ ಎರಡನೆಯ ಪುಸ್ತಕಕ್ಕೆ ನಮ್ಮ ಕಾನೂನು ಮತ್ತು ಕಂದಾಯ ಇಲಾಖೆ ಒದಗಿಸುವ ಸಾಮಗ್ರಿ ಅಪಾರ. ಏಳು ವರ್ಷಗಳ ಕಾಲ, ಸುದ್ದಿ ತಿಳಿಯಬೇಕಾಗಿದ್ದ ಆಪ್ತರಿಗೆ ಸುದ್ದಿಯೇ ಸಿಗದಿದ್ದರೆ ಆ ವ್ಯಕ್ತಿ ಬದುಕಿದ್ದಾನೆಂದು ಸಾಧಿಸುವ ಹೊಣೆ ಹಾಗೆನ್ನುವವರ ಮೇಲೆ ಬೀಳುತ್ತದೆ. ಸಾಕ್ಷ್ಯ ಕಾನೂನಿನ ಈ ನಿಯಮದ ನೆರಳಿನಲ್ಲಿ ವಿಮೆಯ ಹಣ, ಬ್ಯಾಂಕಿನ ಠೇವಣಿ, ಜಮೀನು ಎಲ್ಲವೂ ಕೈ ಬದಲಾಗುತ್ತವೆ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಏಳು ವರ್ಷ ಸುದ್ದಿಯಿಲ್ಲದಿರುವುದು ವಿಚ್ಛೇದನಕ್ಕೂ ಒಂದು ಕಾರಣ. ಹಳ್ಳಿಯಲ್ಲಿ ಇದು ಇನ್ನೂ ಸರಳ. ಅಣ್ಣ ಸತ್ತನೆಂದು ತಮ್ಮ ಪೌತಿ ಖಾತೆ ಮಾಡಿಸಿಕೊಂಡರೆ ಪಹಣಿಯಲ್ಲಿ ಹೆಸರು ಬದಲಾಗುತ್ತದೆ. ವಂಶವೃಕ್ಷ ಬರೆಸುವಾಗ ಒಂದು ಹೆಸರು ಬಿಟ್ಟರೆ ಆ ಮನುಷ್ಯ ಹುಟ್ಟಿಯೇ ಇಲ್ಲ. ಎಂಟನೆಯ ವರ್ಷದಲ್ಲಿ ಆ ಅಣ್ಣ, ತಾನು ಯಾರೆಂದು ತನಗೇ ತಿಳಿಯದ ಸ್ಥಿತಿಯಲ್ಲಿ, ಊರಿನ ಬಸ್ ನಿಲ್ದಾಣದಲ್ಲಿ ಇಳಿಯುತ್ತಾನೆ ಎಂದುಕೊಳ್ಳಿ. ಅವನನ್ನು ಗುರುತಿಸಿದ ಚಹದಂಗಡಿಯವನು ಸುಮ್ಮನಿರುತ್ತಾನೆ, ಏಕೆಂದರೆ ಆ ಜಮೀನಿನ ಮೂಲೆಯಲ್ಲಿ ಅವನೂ ಎರಡು ಗುಂಟೆ ಕೊಂಡಿದ್ದಾನೆ. ಇಡೀ ಊರು ನೆನಪಿಟ್ಟುಕೊಂಡೂ ಮರೆತಂತೆ ನಟಿಸುವುದು, ಮರೆತವನೊಬ್ಬನೇ ಪ್ರಾಮಾಣಿಕನಾಗಿರುವುದು: ಆದಿಪರ್ವದ ದುಷ್ಯಂತ ಇಲ್ಲಿ ಒಬ್ಬನಲ್ಲ, ನೂರು ಮಂದಿ.

ಮುಚ್ಚಿಟ್ಟ ಗತಕಾಲ ಎಂದಾಕ್ಷಣ ಕೊಲೆಯನ್ನೇ ಹುಡುಕಬೇಕಾಗಿಲ್ಲ ಎಂಬುದನ್ನು ಇಲ್ಲಿ ಸೇರಿಸುತ್ತೇನೆ. ವಂಶವೃಕ್ಷದಲ್ಲಿ ಬಿಟ್ಟುಹೋದ ಒಂದು ಹೆಸರು, ಜಾತಿ ಮೀರಿದ ಮೊದಲ ಮದುವೆ, ದತ್ತು ಹೋದದ್ದನ್ನು ಹೇಳದಿರುವುದು, ಇವುಗಳಿಗಾಗಿ ನಮ್ಮ ಮನೆಗಳು ಮೂರು ತಲೆಮಾರು ಮೌನ ಕಾಯ್ದುಕೊಂಡು ಬಂದಿವೆ. ಕೊಲೆಯಾದರೂ ಅಷ್ಟು ಕಾಲ ಮುಚ್ಚಿರುವುದು ಕಷ್ಟ.

ಫೋನು, ಬೆರಳಚ್ಚು, ಠಾಣೆ

ಈ ಕಾಲದಲ್ಲಿ ಒಬ್ಬ ಮನುಷ್ಯ ತಿಂಗಳುಗಟ್ಟಲೆ ಯಾರೆಂದು ತಿಳಿಯದೆ ಉಳಿಯುವುದು ಹೇಗೆಂದು ಓದುಗರು ಕೇಳಿಯೇ ಕೇಳುತ್ತಾರೆ, ಮತ್ತು ಆ ಪ್ರಶ್ನೆಗೆ ಮೊದಲ ಇಪ್ಪತ್ತು ಪುಟಗಳಲ್ಲೇ ಉತ್ತರ ಸಿಗಬೇಕು. ಎಚ್ಚರವಿಲ್ಲದ ಅಪರಿಚಿತರನ್ನು ಸರ್ಕಾರಿ ಆಸ್ಪತ್ರೆಗೆ ತಂದಾಗ ಕಾನೂನಿಗೆ ಸಂಬಂಧಿಸಿದ ವೈದ್ಯಕೀಯ ಪ್ರಕರಣ, ಅಂದರೆ ಎಂಎಲ್‌ಸಿ ದಾಖಲಾಗುತ್ತದೆ, ಠಾಣೆಗೆ ತಿಳಿಸಲಾಗುತ್ತದೆ, ಚೀಟಿಯಲ್ಲಿ ಹೆಸರಿನ ಜಾಗದಲ್ಲಿ ‘ಅಪರಿಚಿತ’ ಎಂದು ಬರೆದು ಅಂದಾಜು ವಯಸ್ಸು ಹಾಕಲಾಗುತ್ತದೆ. ಠಾಣೆಯವರು ಕಾಣೆಯಾದವರ ಪಟ್ಟಿಯೊಂದಿಗೆ ತಾಳೆ ನೋಡುತ್ತಾರೆ. ಪಟ್ಟಿಯಲ್ಲಿ ಅಂಥವರು ಯಾರೂ ಇಲ್ಲವೆಂದರೆ ಮನೆಯವರು ದೂರು ಕೊಟ್ಟಿಲ್ಲವೆಂದು ಅರ್ಥ. ಈ ಒಂದು ಗೈರುಹಾಜರಿ ನಿಮ್ಮ ಮೊದಲ ಸುಳಿವಾಗಬಹುದು; ಇದಕ್ಕೆ ಬೇರೆ ತಂತ್ರಜ್ಞಾನವೇನೂ ಬೇಡ.

ಆಧಾರ್ ಬಂದ ಮೇಲೆ ಈ ಗಂಟು ಇನ್ನೂ ಬಿಗಿಯಾಗಿದೆ. ಹೊಸದಾಗಿ ನೋಂದಾಯಿಸಲು ಹೋದಾಗ ಬೆರಳಚ್ಚು ಹಳೆಯ ದಾಖಲೆಯೊಂದಿಗೆ ಹೊಂದಿ, ಕಳೆದುಹೋದವರು ಮನೆ ಸೇರಿದ ಪ್ರಸಂಗಗಳು ನಮ್ಮ ದೇಶದಲ್ಲಿ ನಡೆದಿವೆ. ಆದರೆ ಠಾಣೆಯ ಇನ್ಸ್‌ಪೆಕ್ಟರ್ ಒಂದು ಫೋನ್ ಮಾಡಿ ಆಧಾರ್ ವಿವರ ತರಿಸಿಕೊಂಡನೆಂದು ಬರೆಯಬೇಡಿ. 2019ರ ತಿದ್ದುಪಡಿಯ ನಂತರ ಇಂಥ ಮಾಹಿತಿಯನ್ನು ಬಹಿರಂಗಪಡಿಸಲು ಹೈಕೋರ್ಟ್ ಮಟ್ಟದ ಆದೇಶ ಬೇಕು. ಈ ತೊಡಕುಗಳೇ ಬೇಡವೆನ್ನುವವರು ಕಥೆಯನ್ನು 2010ಕ್ಕಿಂತ ಹಿಂದಕ್ಕೆ ಒಯ್ಯಬಹುದು. ಲ್ಯಾಂಡ್‌ಲೈನ್, ಎಸ್‌ಟಿಡಿ ಬೂತ್, ಅಂಚೆಯಲ್ಲಿ ಬರುವ ಪತ್ರ, ಇನ್ನೂ ಹಿಂದಕ್ಕೆ ಹೋದರೆ ಕೈಬರಹದ ಪಹಣಿ, ಇವು ರಹಸ್ಯವನ್ನು ಇಂದಿನ ಯಾವ ಪಾಸ್‌ವರ್ಡಿಗಿಂತ ಚೆನ್ನಾಗಿ ಕಾಯುತ್ತಿದ್ದವು. ನನಗಂತೂ ಇದು ಹೇಡಿತನವೆಂದು ಅನ್ನಿಸುವುದಿಲ್ಲ.

ಮರೆವನ್ನು ನಟಿಸುತ್ತಿರುವ ಪಾತ್ರವಿದ್ದರೆ ಹೆಸರುಗಳನ್ನು ಎಚ್ಚರದಿಂದ ಆರಿಸಿ. 1926ರ ಡಿಸೆಂಬರ್ 3ರಂದು ಮನೆಯಿಂದ ಕಾಣೆಯಾದ ಅಗಾಥಾ ಕ್ರಿಸ್ಟಿ 11 ದಿನಗಳ ನಂತರ ಹ್ಯಾರೊಗೇಟ್‌ನ ಹೋಟೆಲೊಂದರಲ್ಲಿ ಪತ್ತೆಯಾದಾಗ, ಅಲ್ಲಿನ ದಾಖಲೆಯಲ್ಲಿ ಅವರು ಬರೆಸಿದ್ದ ಅಡ್ಡಹೆಸರು ‘ನೀಲ್’. ಅದು ಅವರ ಗಂಡ ಮದುವೆಯಾಗಬಯಸಿದ್ದ ಹೆಂಗಸಿನ ಅಡ್ಡಹೆಸರು. ಅದು ನಿಜವಾದ ಮರೆವೋ ಅಲ್ಲವೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಹೊಸ ಹೆಸರು ಇಟ್ಟುಕೊಳ್ಳುವಾಗ ಮನಸ್ಸು ದೂರ ಹೋಗುವುದಿಲ್ಲ, ಗಾಯದ ಪಕ್ಕದಲ್ಲೇ ಕೈಯಾಡಿಸುತ್ತದೆ.

ನೆನಪನ್ನು ಕೊಡಲು ಬರುವವರು

ನೆನಪು ಕಳೆದುಕೊಂಡವರ ಸುತ್ತ ಸೇರುವವರೆಲ್ಲ ಅವರಿಗೆ ನೆನಪನ್ನು ಕೊಡಲು ಬಂದವರೇ. ಅಕ್ಕ ಫೋಟೊ ಆಲ್ಬಂ ತರುತ್ತಾಳೆ, ಗಂಡ ಹಳೆಯ ಪ್ರವಾಸದ ಕಥೆ ಹೇಳುತ್ತಾನೆ, ಅತ್ತೆ ‘ನಿಂಗೆ ಇದು ತುಂಬಾ ಇಷ್ಟ ಕಣಮ್ಮ’ ಎಂದು ಒಂದು ತಿಂಡಿ ಬಡಿಸುತ್ತಾಳೆ. ಇವು ಪ್ರೀತಿಯೂ ಆಗಿರಬಹುದು, ಪಾಠ ಹೇಳಿಕೊಡುವುದೂ ಆಗಿರಬಹುದು. ನಿಮ್ಮ ಬರವಣಿಗೆಯಲ್ಲಿ ಅವೆರಡೂ ಒಂದೇ ದನಿಯಲ್ಲಿ ಕೇಳಿಸಬೇಕು.

ಅಮೆರಿಕದ ಮನೋವಿಜ್ಞಾನಿಗಳಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ವಿದ್ಯಾರ್ಥಿಗಳಿಗೆ ಕಾರು ಡಿಕ್ಕಿಯ ಚಿತ್ರ ತೋರಿಸಿ, ಕೆಲವರಿಗೆ ಕಾರುಗಳು ‘ತಾಗಿದಾಗ’ ವೇಗ ಎಷ್ಟಿತ್ತೆಂದೂ ಇನ್ನು ಕೆಲವರಿಗೆ ‘ಅಪ್ಪಳಿಸಿದಾಗ’ ಎಷ್ಟಿತ್ತೆಂದೂ ಅರ್ಥ ಬರುವ ಪದಗಳಲ್ಲಿ ಕೇಳಿದರು. ಒಂದು ವಾರದ ನಂತರ, ಒಡೆದ ಗಾಜು ನೋಡಿದಿರಾ ಎಂಬ ಪ್ರಶ್ನೆಗೆ ಮೊದಲ ಗುಂಪಿನ 50 ಮಂದಿಯಲ್ಲಿ 7 ಮಂದಿ, ಎರಡನೆಯ ಗುಂಪಿನ 50 ಮಂದಿಯಲ್ಲಿ 16 ಮಂದಿ ಹೌದೆಂದರು. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ. ಮುಂದೆ 1995ರಲ್ಲಿ ಲಾಫ್ಟಸ್ ಅವರೇ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಬಾಲ್ಯದಲ್ಲಿ ಅಂಗಡಿ ಸಂಕೀರ್ಣದಲ್ಲಿ ಕಳೆದುಹೋಗಿದ್ದಿ ಎಂದು ಮನೆಯವರ ಹೆಸರಿನಲ್ಲಿ ಹೇಳಿದ ಸುಳ್ಳು ಘಟನೆಯನ್ನು 24 ಮಂದಿಯಲ್ಲಿ ಸುಮಾರು ಕಾಲುಭಾಗ ತಮ್ಮದೇ ನೆನಪೆಂದು ಒಪ್ಪಿಕೊಂಡರು. ಆರೋಗ್ಯವಂತರ ಪಾಡೇ ಹೀಗಿರುವಾಗ, ಏನೂ ನೆನಪಿಲ್ಲದೆ ಎಲ್ಲವನ್ನೂ ಬೇರೆಯವರ ಬಾಯಿಂದ ಕೇಳಬೇಕಾದವಳ ಪಾಡನ್ನು ಊಹಿಸಿಕೊಳ್ಳಿ. ಥ್ರಿಲ್ಲರಿನ ಖಳ ವಿಷ ಹಾಕಬೇಕಾಗಿಲ್ಲ. ‘ಅಪ್ಪಳಿಸಿದಾಗ’ ಎಂಬಂಥ ಒಂದು ಕ್ರಿಯಾಪದವನ್ನು ಸರಿಯಾದ ಹೊತ್ತಿನಲ್ಲಿ ಬಳಸಿದರೆ ಸಾಕು.

ಪೊಲೀಸ್ ತನಿಖೆಯ ಭಾಗದಲ್ಲಿ ಮಂಪರು ಪರೀಕ್ಷೆ ತರುವ ಆಸೆ ಅನೇಕರಿಗೆ. ಹಾಗೆ ಮಾಡುವ ಮೊದಲು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು ಕೊಟ್ಟ ತೀರ್ಪನ್ನು ನೋಡಿಕೊಳ್ಳಿ. ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಪಾಲಿಗ್ರಾಫ್, ಮಿದುಳು ನಕ್ಷೆ ಯಾವುದನ್ನೂ ಮಾಡುವಂತಿಲ್ಲ. ಒಪ್ಪಿಗೆಯಿಂದ ಮಾಡಿದರೂ ಅಲ್ಲಿ ಆಡಿದ ಮಾತು ತಾನೇ ಸಾಕ್ಷ್ಯವಾಗುವುದಿಲ್ಲ, ಆ ಮಾತಿನ ಜಾಡು ಹಿಡಿದು ಪತ್ತೆಯಾದ ವಸ್ತು ಮಾತ್ರ ಸಾಕ್ಷ್ಯವಾಗಬಹುದು. ಔಷಧದ ಮಂಪರಿನಲ್ಲಿರುವವರು ಕೇಳಿದವರ ಪ್ರಶ್ನೆಗೆ ಸುಲಭವಾಗಿ ಬಾಗುತ್ತಾರೆಂಬುದನ್ನೂ ಸೇರಿಸಿಕೊಂಡರೆ, ಈ ದೃಶ್ಯ ಸತ್ಯ ಹೊರಬರುವ ದೃಶ್ಯವಾಗುವ ಬದಲು ಹೊಸ ಸುಳ್ಳು ಹುಟ್ಟುವ ದೃಶ್ಯವಾಗಿ ಹೆಚ್ಚು ಕೆಲಸಕ್ಕೆ ಬರುತ್ತದೆ.

ಕನ್ನಡದ ವ್ಯಾಕರಣ ಕೊಟ್ಟಿರುವ ಅನುಕೂಲ

ಇಲ್ಲಿಯವರೆಗಿನದನ್ನು ಯಾವ ಭಾಷೆಯ ಲೇಖಕರೂ ತಮ್ಮ ನೆಲಕ್ಕೆ ಹೊಂದಿಸಿಕೊಳ್ಳಬಹುದು. ಆದರೆ ಈ ವಸ್ತುವಿಗೆ ಹೇಳಿ ಮಾಡಿಸಿದಂಥ ಒಂದು ಉಪಕರಣ ನಮ್ಮ ಭಾಷೆಯಲ್ಲಿದೆ, ಮತ್ತು ನಾವು ಅದನ್ನು ದಿನವೂ ಹರಟೆಗೆ ಬಳಸಿ ವ್ಯರ್ಥ ಮಾಡುತ್ತೇವೆ. ಅದು ‘ಅಂತೆ’.

‘ಪಕ್ಕದ ಮನೆಯವರ ಮಗಳು ಓಡಿಹೋದಳಂತೆ’ ಎನ್ನುವಾಗ ನಾವು ಕಂಡದ್ದಲ್ಲ, ಕೇಳಿದ್ದು ಎಂಬುದನ್ನು ಒಂದೇ ಪ್ರತ್ಯಯದಲ್ಲಿ ಹೇಳಿ ಹೊಣೆಯಿಂದ ಜಾರಿಕೊಳ್ಳುತ್ತೇವೆ. ಇದನ್ನು ನಮ್ಮ ಬಗ್ಗೆಯೇ ಬಳಸುವುದು ಅಪರೂಪ; ತೊಟ್ಟಿಲ ಕಾಲದ ಸಂಗತಿಗಳಂಥ, ನಮಗೇ ನೆನಪಿಲ್ಲದ್ದನ್ನು ಹೇಳುವಾಗ ಬಳಸುತ್ತೇವೆ. ನೆನಪು ಕಳೆದವಳ ನಿರೂಪಣೆಯಲ್ಲಿ ಇದೇ ಪ್ರತ್ಯಯ ಮೈ ನಡುಗಿಸುತ್ತದೆ: ‘ನನ್ನ ಹೆಸರು ಸುಮಿತ್ರಾ ಅಂತೆ. ನನಗೆ ಮದುವೆಯಾಗಿ ಆರು ವರ್ಷವಾಗಿತ್ತಂತೆ. ನಾನು ಮೀನು ಮುಟ್ಟುತ್ತಿರಲಿಲ್ಲವಂತೆ.’ ಹತ್ತು ಅಧ್ಯಾಯ ಹೀಗೆ ನಡೆದ ಮೇಲೆ, ಒಂದು ಮಧ್ಯಾಹ್ನ ಮೀನಿನ ಸಾರಿನ ವಾಸನೆ ಬಂದಾಗ ಆಕೆ ‘ನಾನು ಮೀನು ಮುಟ್ಟುತ್ತಿರಲಿಲ್ಲ’ ಎಂದು ಬರೆಯುತ್ತಾಳೆ. ‘ಅಂತೆ’ ಬಿದ್ದುಹೋಗಿದೆ. ಆಕೆಗೆ ನೆನಪು ಬಂತೇ, ಅಥವಾ ಗಂಡ ಹೇಳಿದ್ದು ಒಳಗಿಳಿದು ನೆನಪಿನ ವೇಷ ಹಾಕಿತೇ? ಲಾಫ್ಟಸ್ ಅವರ ಪ್ರಯೋಗಾಲಯದಲ್ಲಿ ನಡೆದದ್ದೆಲ್ಲ ಕನ್ನಡದಲ್ಲಿ ಎರಡಕ್ಷರದ ಲೋಪವಾಗಿ ನಡೆದುಹೋಗುತ್ತದೆ, ಮತ್ತು ನೀವು ಓದುಗರಿಗೆ ಅದನ್ನು ಬೆಟ್ಟು ಮಾಡಿ ತೋರಿಸುವ ಅಗತ್ಯವೇ ಇರುವುದಿಲ್ಲ.

ಕ್ರಿಯಾಪದಗಳ ಮೇಲೂ ಇಷ್ಟೇ ನಿಗಾ ಇರಲಿ. ‘ಮರೆತೆ’ ಎಂದರೆ ತಪ್ಪು ನನ್ನದು, ‘ಮರೆತುಹೋಯಿತು’ ಎಂದರೆ ಯಾರದೂ ಅಲ್ಲ, ‘ಮರೆಸಿದರು’ ಎಂದರೆ ಒಬ್ಬ ಅಪರಾಧಿ ಇದ್ದಾನೆ. ಹಾಗೆಯೇ ‘ನೆನಪಾಯಿತು’ ಎಂಬುದು ತಾನಾಗಿ ಬಂದದ್ದು, ‘ನೆನಪಿಸಿಕೊಂಡೆ’ ಎಂಬುದು ಪ್ರಯತ್ನದಿಂದ ಬಂದದ್ದು, ‘ನೆನಪಿಸಿದರು’ ಎಂಬುದರ ಹಿಂದೆ ಮತ್ತೊಬ್ಬರ ಕೈ ಇದೆ. ನಾಯಕಿ ಕಾದಂಬರಿಯ ಉದ್ದಕ್ಕೂ ‘ಮರೆತುಹೋಯಿತು’ ಎಂದು ಹೇಳುತ್ತಿದ್ದು, ನಿರ್ಣಾಯಕ ಪುಟದಲ್ಲಿ ‘ನಾನು ಅದನ್ನು ಮರೆತೆ’ ಎಂದುಬಿಟ್ಟರೆ ಚುರುಕಾದ ಓದುಗರು ಅಲ್ಲಿ ಪುಸ್ತಕವನ್ನು ಮಡಿಲಲ್ಲಿಟ್ಟು ಯೋಚಿಸುತ್ತಾರೆ. ಪ್ರಥಮ ಪುರುಷದಲ್ಲಿ (ಅವನು, ಅವಳು) ಕನ್ನಡದ ಕ್ರಿಯಾಪದ ಗಂಡು ಹೆಣ್ಣನ್ನು ಬಿಟ್ಟುಕೊಡುತ್ತದೆ, ಉತ್ತಮ ಪುರುಷದಲ್ಲಿ (ನಾನು) ಬಿಟ್ಟುಕೊಡುವುದಿಲ್ಲ ಎಂಬುದೂ ಉಪಯೋಗಕ್ಕೆ ಬರುವ ಸಂಗತಿ. ಹಳೆಯ ಡೈರಿಯೊಂದನ್ನು ಬರೆದವರು ಯಾರೆಂಬುದನ್ನು ಇದರಿಂದ ಇನ್ನೂರು ಪುಟ ಮುಚ್ಚಿಡಬಹುದು.

ತಿದ್ದುವಾಗ

ಗುಟ್ಟುಗಳನ್ನು ಬಿಚ್ಚುವ ಕ್ರಮದ ಬಗ್ಗೆ ಹೆಚ್ಚು ಹೇಳಲು ನನ್ನಲ್ಲಿಲ್ಲ, ಅದು ಕಥೆಯಿಂದ ಕಥೆಗೆ ಬೇರೆ. ಓದುಗರಿಗೆ ನಾಯಕಿಗಿಂತ ಒಂದು ಹೆಜ್ಜೆ ಮೊದಲು ತಿಳಿದರೆ ಆತಂಕ ಹುಟ್ಟುತ್ತದೆ, ಆಕೆಯ ಜೊತೆಗೇ ತಿಳಿದರೆ ಆಘಾತ; ಆಕೆಯ ನಂತರ ತಿಳಿದರೆ ಮೋಸ ಹೋದೆವೆಂದು ಸಿಟ್ಟು ಬರುತ್ತದೆ, ಆದ್ದರಿಂದ ಮೂರನೆಯದನ್ನು ಪುಸ್ತಕಕ್ಕೆ ಒಂದೇ ಸಲ ಇಟ್ಟುಕೊಳ್ಳಿ.

ಕರಡು ಮುಗಿದ ಮೇಲೆ ಒಂದು ತಿಂಗಳು ಬಿಟ್ಟು, ಕೆಂಪು ಪೆನ್ನು ಹಿಡಿದು, ನಿರೂಪಕಿಯ ಬಾಯಲ್ಲಿ ಬಂದ ಪ್ರತಿ ‘ಅಂತೆ’ಗೂ ಒಂದು ಸುತ್ತು ಹಾಕಿ. ಆ ಮಾತನ್ನು ಆಕೆಗೆ ಯಾರು ಹೇಳಿದರು, ಯಾವ ಪುಟದಲ್ಲಿ ಹೇಳಿದರು ಎಂಬುದನ್ನು ಅಂಚಿನಲ್ಲಿ ಬರೆಯಿರಿ. ಬರೆಯಲಾಗದ ಕಡೆ ಕಥೆಯಲ್ಲಿ ರಂಧ್ರವಿದೆ. ಆಮೇಲೆ ‘ಅಂತೆ’ ಬಿದ್ದುಹೋದ ಪ್ರತಿ ಜಾಗಕ್ಕೆ ಬಂದು, ಅದು ಮರಳಿದ ನೆನಪೋ ನೆಟ್ಟ ನೆನಪೋ ಎಂಬುದನ್ನು ನಿಮ್ಮ ಮೊದಲ ನೋಟ್‌ಬುಕ್ಕಿನೊಂದಿಗೆ ತಾಳೆ ನೋಡಿ. ಕಡೆಯ ಅಧ್ಯಾಯದಲ್ಲಿ ಆಕೆಗೆ ಬಹುಪಾಲು ಎಲ್ಲವೂ ನೆನಪಾಗಿರುತ್ತದೆ, ‘ಅಂತೆ’ಗಳು ಒಂದೊಂದಾಗಿ ಉದುರಿರುತ್ತವೆ. ಆದರೆ ಪೆಟ್ಟು ಬಿದ್ದ ಆ ಕೆಲವು ನಿಮಿಷಗಳು ದಾಖಲಾಗಿಯೇ ಇರಲಿಲ್ಲವೆಂಬುದು ನಿಮಗೆ ಗೊತ್ತು. ಅವುಗಳ ಬಗ್ಗೆ ಆಕೆ ಎಂದಿಗೂ ಕೇಳಿದ್ದನ್ನಷ್ಟೇ ಹೇಳಬಲ್ಲಳು. ಆದ್ದರಿಂದ ಒಂದು ವಾಕ್ಯದಲ್ಲಿ ಮಾತ್ರ ಆ ಪ್ರತ್ಯಯವನ್ನು ಹಾಗೆಯೇ ಬಿಡಿ: ‘ಆ ರಾತ್ರಿ ಕಾರು ಓಡಿಸುತ್ತಿದ್ದವಳು ನಾನೇ ಅಂತೆ.’